ತಣ್ಣನೆ ಗಾಳಿಯಲ್ಲೂ ಚರ್ಮ ಸುಡೋದು ಹೇಗೆ?

[ದೃಶ್ಯ: ಮುಳ್ಳಯ್ಯನಗಿರಿಯ ಮೆಟ್ಟಿಲು, ತೆಳು ಮೋಡ, ಜರ್ಕಿನ್ ಹಾಕಿದ ಜನ]

ಭಾನುವಾರ ಮುಳ್ಳಯ್ಯನಗಿರಿ ಹತ್ತಿದ್ರಿ ಅಂದ್ಕೊಳ್ಳಿ. ತಣ್ಣನೆ ಗಾಳಿ, ಸೆಖೆ ಅನ್ನೋದೇ ಇಲ್ಲ. ಇಳಿದು ಬಂದು ಕಾಫಿ ಕುಡಿಯೋವರೆಗೂ ಏನೂ ಗೊತ್ತಾಗಲ್ಲ. ರಾತ್ರಿ ಮಲಗಿದ್ರೆ ಕತ್ತಿನ ಹಿಂದೆ ಚುರುಚುರು. ಬೆಳಿಗ್ಗೆ ಅಂಗಿ ಕಾಲರ್ ತಾಗಿದ್ರೂ ಉರಿ!

ಬಿಸಿನೇ ಇರಲಿಲ್ವಲ್ಲ, ಮತ್ತೆ ಸುಟ್ಟಿದ್ದು ಯಾವುದು?

'ಬಿಸಿಲು' ಅನ್ನೋ ಮಾತಿನೊಳಗೇ 'ಬಿಸಿ' ಕೂತಿದೆ. ಅದಕ್ಕೇ ಸೆಖೆ ಇದ್ರೆ ಬಿಸಿಲು ಜೋರು, ತಂಪಿದ್ರೆ ಪರವಾಗಿಲ್ಲ ಅಂತ ಲೆಕ್ಕ ಹಾಕ್ತೀವಿ. ಆದ್ರೆ ಚರ್ಮ ಸುಡೋ ನೇರಳಾತೀತ (ಯುವಿ) ಕಿರಣ ಮೈಗೆ ಬಿಸಿ ಅನ್ನಿಸಲ್ಲ, ಕಣ್ಣಿಗೂ ಕಾಣಲ್ಲ. 1801ರಲ್ಲಿ ಜರ್ಮನಿಯ ವಿಜ್ಞಾನಿ ರಿಟ್ಟರ್ ಇದನ್ನ ಪತ್ತೆ ಮಾಡಿದ್ದೂ, ಬೆಳಕು ಬಿದ್ರೆ ಕಪ್ಪಾಗೋ ಸಿಲ್ವರ್ ಕ್ಲೋರೈಡ್ ಅನ್ನೋ ರಾಸಾಯನಿಕ ನೋಡಿ. ಕಾಮನಬಿಲ್ಲಿನ ನೇರಳೆ ಬಣ್ಣ ಮುಗಿದ ಆಚೆ, ಬೆಳಕೇ ಕಾಣದ ಜಾಗದಲ್ಲಿ ಅದು ಇನ್ನೂ ಬೇಗ ಕಪ್ಪಾಗಿತ್ತು.

ಸಾವಿರ ಮೀಟರ್ ಮೇಲೆ ಹೋದ್ರೆ ಈ ಕಿರಣ ಸುಮಾರು ಶೇ 10ರಷ್ಟು ಜಾಸ್ತಿಯಾಗುತ್ತೆ. ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತೆ. ತೆಳು ಮೋಡವನ್ನ ನಂಬ್ಕೊಂಡ್ರೆ ಕೆಟ್ಟಿರಿ.

[ಗ್ರಾಫಿಕ್ಸ್: ಡಿಎನ್‌ಎ ಏಣಿ]

ಈಗ ಚರ್ಮದೊಳಗೆ ಹೋಗೋಣ. 280ರಿಂದ 315 ನ್ಯಾನೊಮೀಟರ್ ತರಂಗಾಂತರದ ಯುವಿ-ಬಿ ಕಿರಣ ಜೀವಕೋಶದ ಡಿಎನ್‌ಎಗೇ ಬಡಿಯುತ್ತೆ. ಡಿಎನ್‌ಎ ಬರಹದ ನಾಲ್ಕು ಅಕ್ಷರಗಳಲ್ಲಿ ಒಂದಾದ ಥೈಮೀನ್ ಅಕ್ಕಪಕ್ಕ ಎರಡು ಇದ್ದ ಕಡೆ ಎರಡೂ ಒಂದಕ್ಕೊಂದು ಅಂಟಿಬಿಡುತ್ತವೆ. ಜಿಪ್‌ನಲ್ಲಿ ಒಂದು ಹಲ್ಲು ಎದುರಿನದನ್ನ ಬಿಟ್ಟು ಪಕ್ಕದ್ದಕ್ಕೇ ಸಿಕ್ಕಿಕೊಂಡ ಹಾಗೆ. ಕೋಶ ಆ ತುಂಡನ್ನ ಕತ್ತರಿಸಿ ಹೊಸದು ಕೂರಿಸುತ್ತೆ, ಈ ರಿಪೇರಿ ಕೆಲಸದಲ್ಲಿ ಅದು ನಿಜಕ್ಕೂ ಜಾಣ. ಕೈ ಮೀರಿದ್ರೆ ಮಾತ್ರ ತಾನೇ ಸಾಯುತ್ತೆ. ಏಟು ತಿಂದ ಚರ್ಮದಲ್ಲಿ ಪ್ರೊಸ್ಟಾಗ್ಲಾಂಡಿನ್‌ನಂಥ ರಾಸಾಯನಿಕ ಹೆಚ್ಚಾಗಿ, ರಕ್ತನಾಳ ಹಿಗ್ಗಿ, ರಕ್ತ ನುಗ್ಗುತ್ತೆ. ಕೆಂಪು, ಉರಿ ಎರಡೂ ಅದರದ್ದೇ. ಬಿಸಿ ಕಾವಲಿ ತಾಗಿದ್ರೆ ಆಗಲೇ 'ಅಮ್ಮಾ' ಅಂತೀವಿ; ಇದು ತಾರಕಕ್ಕೇರೋಕೆ 12ರಿಂದ 24 ಗಂಟೆ ಬೇಕು. ನಾಲ್ಕೈದು ದಿನಕ್ಕೆ ಸಿಪ್ಪೆ ಏಳೋದು ಆ ಸತ್ತ ಕೋಶಗಳೇ.

ರಿಪೇರಿ ತಪ್ಪಿ ಉಳಿದುಕೊಂಡ ದೋಷಗಳು ವರ್ಷಗಟ್ಟಲೆ ಸೇರುತ್ತಾ ಹೋದ್ರೆ ಚರ್ಮದ ಕ್ಯಾನ್ಸರ್‌ಗೆ ದಾರಿ. 'ನಮ್ಮ ಬಣ್ಣಕ್ಕೆ ಏನೂ ಆಗಲ್ಲ ಬಿಡ್ರಿ' ಅನ್ನೋದು ಅರ್ಧ ನಿಜ. ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ಕೋಶಕೇಂದ್ರದ ಮೇಲೆ ಕೊಡೆ ಹಿಡಿದ ಹಾಗೆ ಕೂರುತ್ತೆ, ಅಪಾಯ ಕಡಿಮೆ ಮಾಡುತ್ತೆ. ಆದ್ರೆ ತೂತಿಲ್ಲದ ಕೊಡೆಯಲ್ಲ ಅದು. ಕಂದು ಚರ್ಮದಲ್ಲಿ ಕೆಂಪು ಎದ್ದು ಕಾಣದೇ ಇರೋದರಿಂದ ಸುಟ್ಟಿದ್ದೇ ಗೊತ್ತಾಗಲ್ಲ.

[ದೃಶ್ಯ: ಲಾರಿ ಕ್ಯಾಬಿನ್]

ಇನ್ನೊಬ್ಬ ಇದ್ದಾನೆ, ಯುವಿ-ಎ. ನೆಲಕ್ಕೆ ತಲುಪೋ ನೇರಳಾತೀತದಲ್ಲಿ ಸುಮಾರು ಶೇ 95 ಇವನದೇ. ಅಷ್ಟು ಸುಡಲ್ಲ, ಆಳಕ್ಕಿಳಿದು ಚರ್ಮವನ್ನ ಬಿಗಿಯಾಗಿಡೋ ಕೊಲಾಜನ್ ಕೆಡಿಸ್ತಾನೆ. ಕಿಟಕಿ ಗಾಜು ಬಿ-ಯನ್ನ ಬಹುಪಾಲು ತಡೆದ್ರೂ ಇವನು ಗಾಜು ದಾಟಿ ಬರ್ತಾನೆ. ಸನ್‌ಸ್ಕ್ರೀನ್ ಮೇಲಿನ ಎಸ್‌ಪಿಎಫ್ ಮುಖ್ಯವಾಗಿ ಬಿ-ಯ ಲೆಕ್ಕ. ಇವನಿಂದ ರಕ್ಷಣೆ ಎಷ್ಟು ಅಂತ ತಿಳಿಯೋಕೆ 'ಪಿಎ' ಪಕ್ಕದ ಪ್ಲಸ್ ಗುರುತು ನೋಡಿ.

28 ವರ್ಷ ಟ್ರಕ್ ಓಡಿಸಿದ್ದ 69ರ ಅಮೆರಿಕನ್ ಚಾಲಕರೊಬ್ಬರ ಫೋಟೋ 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕಿಟಕಿ ಕಡೆಯ ಎಡಗೆನ್ನೆ ತುಂಬ ದಪ್ಪ ಸುಕ್ಕು, ಬಲಗೆನ್ನೆ ಎಷ್ಟೋ ವರ್ಷ ಚಿಕ್ಕದು. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕೆ. ಹಳೇ ಲಾರಿ ಡ್ರೈವರಣ್ಣ ಯಾರಾದ್ರೂ ಸಿಕ್ಕಿದ್ರೆ ಎರಡೂ ಮುಂಗೈ ಜೋಡಿಸಿ ತೋರಿಸೋಕೆ ಕೇಳಿ.