ಮುಖ ನೋಡಿ ಉಗ್ರನನ್ನು ಹಿಡಿಯಬಹುದೇ?

[ಪರದೆ ಮೇಲೆ: ಓಕ್ಲಹೋಮ ಸಿಟಿ, ಏಪ್ರಿಲ್ 19, 1995]

ಬೆಳಗ್ಗೆ 9 ಗಂಟೆ 2 ನಿಮಿಷ. ಅಮೆರಿಕದ ಓಕ್ಲಹೋಮ ಸಿಟಿಯಲ್ಲಿ ಒಂದು ಸರ್ಕಾರಿ ಕಟ್ಟಡದ ಮುಂದೆ ನಿಂತಿದ್ದ ಬಾಡಿಗೆ ಟ್ರಕ್ ಸಿಡಿಯಿತು. 168 ಜನ ಸತ್ತರು. ಅವರಲ್ಲಿ 19 ಮಕ್ಕಳು.

ಹೊಗೆ ಇನ್ನೂ ಆರಿರಲಿಲ್ಲ, ಇದು ಮಧ್ಯಪ್ರಾಚ್ಯದವರ ಕೆಲಸ ಎಂದು ಟಿವಿಯಲ್ಲಿ ಮಾತು ಶುರುವಾಯಿತು. ಅದೇ ದಿನ ಓಕ್ಲಹೋಮದಿಂದ ಜೋರ್ಡಾನ್‌ಗೆ ಹೊರಟಿದ್ದ, ಜೋರ್ಡಾನ್ ಮೂಲದ ಒಬ್ಬ ಅಮೆರಿಕನ್ ಪ್ರಜೆಯನ್ನು ಲಂಡನ್‌ನಲ್ಲಿ ತಡೆದು ವಾಪಸ್ ಕಳಿಸಿದರು. ಅವನಿಗೂ ಬಾಂಬಿಗೂ ಯಾವ ಸಂಬಂಧವೂ ಇರಲಿಲ್ಲ.

ಬಾಂಬ್ ಇಟ್ಟವನು ತಿಮೋತಿ ಮೆಕ್‌ವೇ. ಬಿಳಿಯ, ಗಲ್ಫ್ ಯುದ್ಧದಲ್ಲಿ ಪದಕ ಪಡೆದ ಸೈನಿಕ. ಸ್ಫೋಟವಾಗಿ ಒಂದೂವರೆ ಗಂಟೆಯೊಳಗೆ ಅವನು ಪೊಲೀಸರ ಕೈಗೆ ಸಿಕ್ಕಿದ್ದ. ಹೇಗೆ ಗೊತ್ತಾ? ಅವನ ಕಾರಿಗೆ ಹಿಂದೆ ನಂಬರ್ ಪ್ಲೇಟ್ ಇರಲಿಲ್ಲ! ಹೆದ್ದಾರಿಯಲ್ಲಿದ್ದ ಒಬ್ಬ ಪೊಲೀಸ್ ಅಷ್ಟಕ್ಕೇ ನಿಲ್ಲಿಸಿದ. ಅಂಗಿಯೊಳಗೆ ಪಿಸ್ತೂಲು ಸಿಕ್ಕಿತು, ಒಳಗೆ ಹಾಕಿದ. ಯಾರನ್ನು ಹಿಡಿದಿದ್ದೇವೆ ಅಂತ ತಿಳಿದದ್ದು ಎರಡು ದಿನದ ನಂತರ.

ಬಣ್ಣ, ಹೆಸರು, ಗಡ್ಡ ನೋಡಿ ಅನುಮಾನ ಪಡುವುದಕ್ಕೆ ರೇಷಿಯಲ್ ಪ್ರೊಫೈಲಿಂಗ್ ಅನ್ನುತ್ತಾರೆ. "ಸ್ವಲ್ಪ ಬೇಜಾರಾದರೂ ಪರವಾಗಿಲ್ಲ, ಜನ ಸುರಕ್ಷಿತವಾಗಿದ್ದರೆ ಸಾಕು" ಅನ್ನುವವರು ಎಲ್ಲ ಕಡೆ ಇದ್ದಾರೆ. ಸರಿ, ಅವರ ಲೆಕ್ಕದಲ್ಲೇ ನೋಡೋಣ.

[ಪರದೆ ಮೇಲೆ: ಹತ್ತು ಲಕ್ಷ ಚುಕ್ಕೆಗಳು, ಅದರಲ್ಲಿ ಹತ್ತು ಕೆಂಪು]

ಒಂದು ಸಮುದಾಯದಲ್ಲಿ ಹತ್ತು ಲಕ್ಷ ಜನ ಇದ್ದಾರೆ ಅಂದುಕೊಳ್ಳಿ. ಅವರಲ್ಲಿ ನಿಜವಾಗಿ ಅಪಾಯಕಾರಿಗಳು ಹತ್ತೇ ಜನ. ನಿಮ್ಮ ಹತ್ತಿರ ನೂರಕ್ಕೆ 99 ಸಲ ಸರಿ ಹೇಳುವ ಪರೀಕ್ಷೆ ಇದೆ. ಅಂಥದ್ದು ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ, ಇರಲಿ. ಆಗಲೂ ಸುಮಾರು ಹತ್ತು ಸಾವಿರ ಅಮಾಯಕರು ಬಲೆಗೆ ಬೀಳುತ್ತಾರೆ. ಸಾವಿರ ಜನರನ್ನು ಹಿಡಿದರೆ ಒಬ್ಬ ಸಿಗಬಹುದು. ಇನ್ನು ಬರೀ ಮುಖ ನೋಡಿ ಹೇಳುವ ಅಧಿಕಾರಿಗೆ ನೂರಕ್ಕೆ 99 ಎಲ್ಲಿಂದ ಬರಬೇಕು?

ಕಾಗದದ ಮೇಲಿನ ಲೆಕ್ಕ ಬಿಡಿ, ಬ್ರಿಟನ್‌ನಲ್ಲಿ ಇದು ನಡೆದೇ ಹೋಗಿದೆ. 2000ನೇ ಇಸವಿಯ ಭಯೋತ್ಪಾದನಾ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ, ಗೊತ್ತು ಮಾಡಿದ ಪ್ರದೇಶದಲ್ಲಿ ಪೊಲೀಸರು ಯಾವ ಕಾರಣವನ್ನೂ ಕೊಡದೆ ಯಾರನ್ನಾದರೂ ನಿಲ್ಲಿಸಿ ಜೇಬು ತಡಕಬಹುದಿತ್ತು. ಕಪ್ಪು ಜನರನ್ನು, ಏಷ್ಯಾ ಮೂಲದವರನ್ನು ಅವರ ಸಂಖ್ಯೆಗೆ ಮೀರಿ ಜಾಸ್ತಿ ನಿಲ್ಲಿಸಿದರು. 2009–10ರ ಒಂದೇ ವರ್ಷದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ತಪಾಸಣೆ. ಭಯೋತ್ಪಾದನೆಯ ಆರೋಪದಲ್ಲಿ ಬಂಧನವಾದದ್ದು ಎಷ್ಟು? ಸೊನ್ನೆ. 2010ರ ಜನವರಿಯಲ್ಲಿ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಈ ಅಧಿಕಾರ ತಪ್ಪು ಎಂದು ತೀರ್ಪು ಕೊಟ್ಟಿತು. ಆಮೇಲೆ ಬ್ರಿಟನ್ ಅದನ್ನು ಕೈಬಿಟ್ಟಿತು.

ಇದಕ್ಕೆ ತದ್ವಿರುದ್ಧ ಉದಾಹರಣೆ ಅಮೆರಿಕದ ಕಸ್ಟಮ್ಸ್ ಇಲಾಖೆ. 1990ರ ದಶಕದ ಕೊನೆಯಲ್ಲಿ ಅಲ್ಲಿ ಬಣ್ಣ ನೋಡುವುದನ್ನು ಬಿಟ್ಟು ನಡವಳಿಕೆ ನೋಡಿ ಎಂದರು. ತಪಾಸಣೆಗಳು ಸುಮಾರು ಮುಕ್ಕಾಲು ಪಾಲು ಇಳಿದವು. ಸಿಕ್ಕಿಬೀಳುವ ಕಳ್ಳಮಾಲು ಮಾತ್ರ ಹಾಗೆ ಇಳಿಯಲಿಲ್ಲ.

ಈಗ ಕಷ್ಟದ ಪ್ರಶ್ನೆ. ಸಮಾಜ ಹೊರಗಿಟ್ಟದ್ದಕ್ಕೇ ಜನ ಉಗ್ರರಾಗುತ್ತಾರಾ? ಈ ವಾದವನ್ನು ಪೂರ್ತಿ ಒಪ್ಪುವುದು ನನಗೆ ಕಷ್ಟ.

[ಪರದೆ ಮೇಲೆ: ಲಂಡನ್, ಜುಲೈ 7, 2005]

ಲಂಡನ್‌ನ ಮೆಟ್ರೊ ರೈಲು ಮತ್ತು ಬಸ್ಸಿನಲ್ಲಿ 52 ಜನರನ್ನು ಕೊಂದ ನಾಲ್ವರಲ್ಲಿ ಮೂವರು ಬ್ರಿಟನ್‌ನಲ್ಲೇ ಹುಟ್ಟಿದವರು. ಅವರ ಮುಂದಾಳು ಮೊಹಮ್ಮದ್ ಸಿದ್ದೀಕ್ ಖಾನ್, ಲೀಡ್ಸ್‌ನ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ನೆರವಾಗುವ ಕೆಲಸದಲ್ಲಿದ್ದ. ಹೆಂಡತಿ, ಮಗು ಇದ್ದರು. ಅವನ ಜೊತೆಗಿದ್ದ ಶೆಹಜಾದ್ ತನ್ವೀರ್ ಕ್ರೀಡಾ ವಿಜ್ಞಾನ ಓದಿದವನು, ತಂದೆಗೆ ಸ್ವಂತ ವ್ಯಾಪಾರ ಇತ್ತು. ಹಸಿವಿಗೆ ಬಾಂಬ್ ಕಟ್ಟಿಕೊಂಡವರಲ್ಲ ಇವರು. ಇನ್ನೊಂದು ಕಡೆ, ಅವಮಾನ ನುಂಗಿಕೊಂಡು ಬದುಕುವ ಲಕ್ಷಾಂತರ ಜನ ಯಾರಿಗೂ ಕೇಡು ಮಾಡುವುದಿಲ್ಲ. ಹೊರಗಿಡುವುದೇ ಕಾರಣ ಎಂದು ನೇರ ಗೆರೆ ಎಳೆದರೆ, ನಾವೂ ಅವರೆಲ್ಲರನ್ನು ಅನುಮಾನಿಸಿದ ಹಾಗೇ ಆಯಿತಲ್ವಾ?

ಫ್ರಾನ್ಸ್‌ನ ವಿದ್ವಾಂಸರಾದ ಒಲಿವಿಯೆ ರುವಾ ಮತ್ತು ಜಿಲ್ ಕೆಪೆಲ್ ಇದರ ಮೇಲೇ ವರ್ಷಗಟ್ಟಲೆ ಜಗಳ ಆಡಿದ್ದಾರೆ. ರುವಾ ಅವರ ಪ್ರಕಾರ ಮೊದಲು ಬರುವುದು ಯುವಕರ ಬಂಡಾಯ, ಅದು ಧರ್ಮದ ಬಟ್ಟೆ ತೊಡುತ್ತದೆ ಅಷ್ಟೆ. ಕೆಪೆಲ್ ಅವರು ಒಪ್ಪುವುದಿಲ್ಲ, ಧರ್ಮದೊಳಗಿನ ಉಗ್ರ ಚಿಂತನೆಯನ್ನೇ ಮೊದಲು ನೋಡಿ ಅನ್ನುತ್ತಾರೆ.

ನನಗೆ ಕಾಣುವುದು ಹೀಗೆ. ಅವಮಾನ ತಾನಾಗಿ ಯಾರನ್ನೂ ಉಗ್ರನನ್ನಾಗಿ ಮಾಡುವುದಿಲ್ಲ. ಆದರೆ "ಈ ದೇಶ ನಿನ್ನದಲ್ಲ" ಎಂದು ಕಿವಿಯಲ್ಲಿ ಊದುವವನಿಗೆ ಸಾಕ್ಷಿ ಬೇಕು. ಒಂದೇ ತಿಂಗಳಲ್ಲಿ ನಾಲ್ಕು ಸಲ ತಡೆದು ನಿಲ್ಲಿಸಿದ ಪೊಲೀಸ್ ಆ ಸಾಕ್ಷಿಯನ್ನು ಪುಕ್ಕಟೆ ಕೊಡುತ್ತಾನೆ.

ಇದು ದೊಡ್ಡ ಪ್ರಮಾಣದಲ್ಲಿ ನಡೆದರೆ ಏನಾಗುತ್ತದೆ? ಇದಕ್ಕೆ ಇಸ್ಲಾಂ ಕಡೆಗೇ ನೋಡಬೇಕಾಗಿಲ್ಲ. ಉತ್ತರ ಐರ್ಲೆಂಡ್ ಸಾಕು. ಅಲ್ಲಿ ಬ್ರಿಟನ್ ಆಳ್ವಿಕೆ ಬೇಡ ಎಂದು ಐಆರ್‌ಎ ಎಂಬ ಗುಂಪು ಬಂದೂಕು ಹಿಡಿದಿತ್ತು, ಅದರಲ್ಲಿದ್ದವರು ಬಹುಪಾಲು ಕ್ಯಾಥೊಲಿಕರು. ಬ್ರಿಟನ್ ಜೊತೆಗೇ ಇರಬೇಕು ಅನ್ನುತ್ತಿದ್ದವರು ಬಹುಪಾಲು ಪ್ರೊಟೆಸ್ಟೆಂಟರು.

[ಪರದೆ ಮೇಲೆ: ಬೆಲ್‌ಫಾಸ್ಟ್, ಆಗಸ್ಟ್ 9, 1971]

ಬೆಳಗಿನ ಜಾವ ಬ್ರಿಟಿಷ್ ಸೈನಿಕರು ಮನೆ ಬಾಗಿಲು ಮುರಿದು 342 ಜನರನ್ನು ಎಳೆದುಕೊಂಡು ಹೋದರು. ವಿಚಾರಣೆ ಇಲ್ಲ, ಕೋರ್ಟ್ ಇಲ್ಲ. ಪ್ರೊಟೆಸ್ಟೆಂಟ್ ಕಡೆಯವರೂ ಬಂದೂಕು ಹಿಡಿದಿದ್ದರು, ಆದರೂ ಅವತ್ತು ಸಿಕ್ಕಿದವರು ಹೆಚ್ಚುಕಡಿಮೆ ಎಲ್ಲರೂ ಕ್ಯಾಥೊಲಿಕ್ ಸಮುದಾಯದವರು. ಪಟ್ಟಿ ಎಷ್ಟು ಹಳೆಯದಾಗಿತ್ತೆಂದರೆ, ಎರಡು ದಿನದೊಳಗೆ ನೂರಕ್ಕೂ ಹೆಚ್ಚು ಜನರನ್ನು ಬಿಡಬೇಕಾಯಿತು. ಐಆರ್‌ಎ ನಾಯಕರಲ್ಲಿ ಬಹುಪಾಲು ಜನ ಮೊದಲೇ ತಪ್ಪಿಸಿಕೊಂಡಿದ್ದರು.

1972ರ ಜನವರಿ 30ರಂದು ಡೆರಿ ಊರಿನಲ್ಲಿ ಇದೇ ಬಂಧನಗಳ ವಿರುದ್ಧ ಮೆರವಣಿಗೆ ಹೊರಟಿತು. ಸೈನಿಕರು ಗುಂಡು ಹಾರಿಸಿದರು. ಅಂದೇ 13 ಜನ ಸತ್ತರು. ಆಮೇಲೆ ಐಆರ್‌ಎ ಸೇರಲು ಯುವಕರು ಸಾಲುಗಟ್ಟಿದರು. ಅಲ್ಲಿ ಸುಮಾರು ಮೂವತ್ತು ವರ್ಷ ನಡೆದ ಹಿಂಸೆಯಲ್ಲಿ ಅತಿ ಹೆಚ್ಚು ಜನ ಸತ್ತದ್ದು ಅದೇ 1972ರಲ್ಲಿ. 1975ರ ಡಿಸೆಂಬರ್‌ನಲ್ಲಿ ಸರ್ಕಾರ ಈ ಪದ್ಧತಿ ನಿಲ್ಲಿಸುವ ಹೊತ್ತಿಗೆ ಸುಮಾರು 2,000 ಜನ ಒಳಗೆ ಹೋಗಿ ಬಂದಿದ್ದರು.

ಇನ್ನೊಂದು ನಷ್ಟ ಅಂಕಿಗಳಲ್ಲಿ ಕಾಣುವುದೇ ಇಲ್ಲ: ಸುದ್ದಿ ಬರುವುದು ನಿಲ್ಲುತ್ತದೆ. ಹುಡುಗ ದಾರಿ ತಪ್ಪುತ್ತಿದ್ದಾನೆ ಅಂತ ಮೊದಲು ಗೊತ್ತಾಗುವುದು ಅಪ್ಪ, ಅಮ್ಮ, ಗೆಳೆಯರಿಗೆ. 2009ರ ನವೆಂಬರ್‌ನಲ್ಲಿ ನೈಜೀರಿಯಾದ ಒಬ್ಬ ದೊಡ್ಡ ಬ್ಯಾಂಕರ್ ತಾವಾಗಿ ಅಮೆರಿಕದ ರಾಯಭಾರ ಕಚೇರಿಗೆ ಹೋಗಿ, ಮಗನ ಬಗ್ಗೆ ಭಯವಾಗುತ್ತಿದೆ ಎಂದು ಹೇಳಿದರು. ಆ ಮಗ ಉಮರ್ ಫಾರೂಕ್ ಅಬ್ದುಲ್‌ಮುತಲ್ಲಬ್, ಕ್ರಿಸ್‌ಮಸ್ ದಿನ ಡೆಟ್ರಾಯಿಟ್ ವಿಮಾನವನ್ನು ಸ್ಫೋಟಿಸಲು ಹೊರಟವನು. ಬಾಂಬ್ ಸರಿಯಾಗಿ ಸಿಡಿಯಲಿಲ್ಲ. ಅಪ್ಪನ ಮಾತು ಫೈಲಿನಲ್ಲೇ ಉಳಿದಿತ್ತು, ಅದು ಬೇರೆ ಕಥೆ. ಮಗನನ್ನು ಹಿಡಿದು ಹಿಂಸಿಸುತ್ತಾರೆ ಎಂಬ ಭಯವಿರುವ ಮನೆಯಿಂದ ಇಂಥ ಅಪ್ಪ ಹೊರಟು ಬರುತ್ತಾರಾ?

ಡೆನ್ಮಾರ್ಕ್‌ನ ಆರ್ಹುಸ್ ನಗರದ ಪೊಲೀಸರು ಇದೇ ಬಾಗಿಲು ತೆರೆದಿಡಲು ನೋಡಿದರು. 2013ರ ಹೊತ್ತಿಗೆ ಅಲ್ಲಿಂದ 30ರಷ್ಟು ಯುವಕರು ಸಿರಿಯಾ ಯುದ್ಧಕ್ಕೆ ಹೋಗಿದ್ದರು. ನಗರಸಭೆ ಮತ್ತು ಪೊಲೀಸರು ಸೇರಿ ಮನೆಯವರಿಗೆ ಫೋನ್ ಮಾಡಿದರು, ಮಸೀದಿಯವರೊಂದಿಗೆ ಕೂತು ಮಾತಾಡಿದರು. ವಾಪಸ್ ಬಂದವರಲ್ಲಿ ಅಪರಾಧ ಸಾಬೀತಾದರೆ ಕೋರ್ಟು, ಇಲ್ಲದಿದ್ದರೆ ಓದು, ಕೆಲಸ, ಮನೆಗೆ ನೆರವು. ಜೊತೆಗೆ ಮಾತಾಡಲು ಒಬ್ಬ ಹಿರಿಯ. ಮುಂದಿನ ವರ್ಷ ಹೋಗುವವರ ಸಂಖ್ಯೆ ತೀರಾ ಇಳಿಯಿತು. ಉಗ್ರರನ್ನು ಮುದ್ದು ಮಾಡುತ್ತಿದ್ದಾರೆ ಎಂದು ಡೆನ್ಮಾರ್ಕ್‌ನ ರಾಜಕಾರಣಿಗಳೇ ಬೈದರು. ಎಲ್ಲ ಶ್ರೇಯಸ್ಸನ್ನೂ ಈ ಯೋಜನೆಗೇ ಕೊಡುವುದು ನನ್ನ ಪ್ರಕಾರವೂ ಆತುರ, ಯುದ್ಧದ ರೂಪವೂ ಆಗ ಬದಲಾಗುತ್ತಿತ್ತು. ಆದರೂ ಮಗ ಕೈತಪ್ಪುತ್ತಿದ್ದಾನೆ ಅನ್ನಿಸಿದ ತಾಯಿ ಯಾರಿಗೆ ಫೋನ್ ಮಾಡಬೇಕು ಅನ್ನುವುದಕ್ಕೆ ಆರ್ಹುಸ್‌ನಲ್ಲಿ ಒಂದು ನಂಬರ್ ಇತ್ತು.