ಬಣ್ಣ ಆಮೇಲೆ, ಮೊದಲು ಕೊಕ್ಕು

ಕೇಳುಗರಿಗೆಲ್ಲ ನಮಸ್ಕಾರ.

"ಕೈತೋಟಕ್ಕೆ ಒಂದು ಪುಟ್ಟ ಹಕ್ಕಿ ಬಂದಿತ್ತು, ಹೊಟ್ಟೆ ಹಳದಿ. ಯಾವ ಹಕ್ಕಿ ಅದು?" ಪಕ್ಷಿವೀಕ್ಷಣೆಯ ಹವ್ಯಾಸ ಇರುವವರನ್ನು ಪರಿಚಯದವರು ಹೆಚ್ಚಾಗಿ ಕೇಳುವುದು ಇಂಥ ಪ್ರಶ್ನೆಯನ್ನೇ. ಉತ್ತರ ಹೇಳುವುದು ಮಾತ್ರ ಸುಲಭವಲ್ಲ. ನಮ್ಮ ತೋಟಗಳಿಗೆ ಬರುವ ಚಿಕ್ಕ ಹಕ್ಕಿಗಳಲ್ಲಿ ಹೊಟ್ಟೆ ಹಳದಿಯಾಗಿರುವವು ಒಂದೆರಡಲ್ಲ. ಮಕರಂದ ಹೀರುವ ಸೂರಕ್ಕಿ, ಅಂದರೆ ಸನ್‌ಬರ್ಡ್, ಅದರ ಹೆಣ್ಣು ಹಳದಿ, ಮಧುರಕಂಠ ಹಳದಿ, ಬೆಳ್ಗಣ್ಣನ ಗಂಟಲು ಹಳದಿ, ಬೂದು ಸಿಪಿಲೆಯ ಬಾಲದಡಿ ಹಳದಿ. ಅದೇ ಅವರು, "ಕೊಕ್ಕು ಉದ್ದಕ್ಕೆ, ತೆಳ್ಳಗೆ, ಕೆಳಗೆ ಬಾಗಿಕೊಂಡಿತ್ತು" ಎಂದು ಇನ್ನೊಂದು ಮಾತು ಸೇರಿಸಿದ್ದರೆ ಉಳಿದ ಎಲ್ಲವನ್ನೂ ಬಿಟ್ಟು ಸೂರಕ್ಕಿಯೊಂದನ್ನೇ ಹಿಡಿದುಕೊಳ್ಳಬಹುದಿತ್ತು.

ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ. ಗೊತ್ತಿಲ್ಲದ ಹಕ್ಕಿ ಕಂಡಾಗ ಕಣ್ಣು ತಾನಾಗಿಯೇ ಬಣ್ಣದ ಮೇಲೆ ಹೋಗುತ್ತದೆ. ಅದನ್ನು ಸ್ವಲ್ಪ ತಡೆದು ಕೊಕ್ಕು ನೋಡಿ. ಆಮೇಲೆ ಹಕ್ಕಿ ಏನು ಮಾಡುತ್ತಿದೆ ನೋಡಿ. ಬಣ್ಣ ಮೂರನೆಯದು.

ಬಣ್ಣವನ್ನು ಯಾಕೆ ಪೂರ್ತಿ ನಂಬಬಾರದು? ಗಂಡು ಸೂರಕ್ಕಿಯನ್ನೇ ತೆಗೆದುಕೊಳ್ಳಿ. ಅದರ ನೀಲಿ, ನೇರಳೆ ಹೊಳಪು ಗರಿಯೊಳಗಿನ ಬಣ್ಣವಸ್ತುವಿನಿಂದ ಬಂದದ್ದಲ್ಲ, ಗರಿಯ ಅತಿ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದಾಗ ಹುಟ್ಟುವ ಹೊಳಪು. ಬಿಸಿಲಿನಲ್ಲಿ ಮಿರಮಿರ ಮಿಂಚುವ ಹಕ್ಕಿ ನೆರಳಿಗೆ ಸರಿದ ತಕ್ಷಣ ಬರೀ ಕಪ್ಪು. ಎರಡು ಹಕ್ಕಿ ಕಂಡೆವೆಂದು ನಾವು ತಿಳಿಯುತ್ತೇವೆ, ಬಂದಿದ್ದು ಒಂದೇ. ಆಕಾಶದ ಬೆಳಕಿಗೆ ಎದುರಾಗಿ ಕೂತ ಹಕ್ಕಿಯೂ ಅಷ್ಟೇ, ಎಲ್ಲವೂ ಕಪ್ಪಾಗಿ ಕಾಣುತ್ತವೆ. ಆದರೆ ಆಗಲೂ ಕೊಕ್ಕಿನ ಆಕಾರ ಸ್ಪಷ್ಟವಾಗಿ ಮೂಡಿರುತ್ತದೆ.

ಕೊಕ್ಕು ಹಕ್ಕಿಯ ಹೊಟ್ಟೆಪಾಡಿಗೆ ತಕ್ಕಂತೆ ಇರುತ್ತದೆ. ಬುಡದಲ್ಲಿ ದಪ್ಪಗಿದ್ದು ತುದಿಗೆ ಚೂಪಾದ ಗಿಡ್ಡ ಕೊಕ್ಕು ಕಾಳು ಒಡೆಯುವ ಹಕ್ಕಿಯದು. ಗುಬ್ಬಿ, ರಾಟವಾಳಗಳು ಈ ಗುಂಪಿನವು. ಹುಲ್ಲಿನ ತೆನೆಗೆ ಜೋತುಬಿದ್ದು ಬೀಜ ಬಿಡಿಸುತ್ತಿದ್ದರೆ ರಾಟವಾಳವೆಂದು ಮೊದಲು ಊಹಿಸಿ. ಸಣ್ಣಗೆ, ನೇರಕ್ಕೆ, ಚೂಪಗಿರುವ ಕೊಕ್ಕು ಎಲೆಗಳ ಸಂದಿಯಿಂದ ಹುಳ ಹೆಕ್ಕುವುದಕ್ಕೆ. ಟುವ್ವಿಹಕ್ಕಿ ಮತ್ತು ಉಲಿಯಕ್ಕಿಗಳದ್ದು, ಅಂದರೆ ಟೈಲರ್‌ಬರ್ಡ್ ಮತ್ತು ವಾರ್ಬ್ಲರ್‌ಗಳದ್ದು, ಇಂಥದ್ದು. ಬುಡದಲ್ಲಿ ಅಗಲವಾಗಿ ಚಪ್ಪಟೆಯಾಗಿದ್ದರೆ ಅದು ಹಾರುವ ಹುಳವನ್ನು ಗಾಳಿಯಲ್ಲೇ ಹಿಡಿಯುವ ನೊಣಹಿಡುಕ.

ನೊಣಹಿಡುಕವನ್ನು ಗುರುತಿಸಲು ಕೊಕ್ಕು ಕಾಣಬೇಕೆಂದೂ ಇಲ್ಲ. ಅದು ಬಯಲಿನ ಕಡೆ ಚಾಚಿದ ರೆಂಬೆಯ ಮೇಲೆ ನೆಟ್ಟಗೆ ಕೂತಿರುತ್ತದೆ, ಥಟ್ಟನೆ ಹಾರಿ ಹುಳ ಹಿಡಿಯುತ್ತದೆ, ಎಷ್ಟೋ ಸಲ ಅದೇ ರೆಂಬೆಗೆ ಮರಳುತ್ತದೆ. ಟುವ್ವಿಹಕ್ಕಿಗೆ ಹಾಗೆ ಕೂರುವ ವ್ಯವಧಾನವೇ ಇಲ್ಲ. ಬಾಲ ನಿಮಿರಿಸಿಕೊಂಡು ಪೊದೆಯೊಳಗೆ ಕುಪ್ಪಳಿಸುತ್ತ ಎಲೆಯ ಅಡಿಭಾಗ ತಡಕುತ್ತದೆ. ನೆಲದ ಮೇಲಿನ ಹಕ್ಕಿಯಾದರೆ ಕಾಲು ಗಮನಿಸಿ. ಗುಬ್ಬಿ ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತದೆ. ಸಿಪಿಲೆ ಒಂದರ ಮುಂದೊಂದು ಹೆಜ್ಜೆ ಇಟ್ಟು ನಡೆಯುತ್ತದೆ, ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತದೆ. ಬೆಳ್ಗಣ್ಣ ಸಾಮಾನ್ಯವಾಗಿ ಗುಂಪಿನಲ್ಲಿ ಬರುತ್ತದೆ. ಕೊಂಬೆಯಿಂದ ತಲೆಕೆಳಗಾಗಿ ನೇತಾಡುವ ಹಸಿರು-ಹಳದಿ ಹಕ್ಕಿಯ ಕಣ್ಣಿನ ಸುತ್ತ ಬಿಳಿ ಬಳೆಯೊಂದು ಕಂಡರೆ ಬೇರೆ ಗುರುತೇ ಬೇಡ.

ಇನ್ನು ಸೂರಕ್ಕಿ. ತೋಟದಲ್ಲಿ ಜನರನ್ನು ಅತಿ ಹೆಚ್ಚು ಗೊಂದಲಕ್ಕೆ ಕೆಡವುವುದು ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದನ್ನು ಹಮ್ಮಿಂಗ್‌ಬರ್ಡ್ ಎನ್ನುವವರು ಬಹಳ ಮಂದಿ. ಹಮ್ಮಿಂಗ್‌ಬರ್ಡ್‌ಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮ ಸೂರಕ್ಕಿಯೂ ಕ್ಷಣಕಾಲ ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ನಿಲ್ಲಬಲ್ಲದು, ಆದರೆ ಅದಕ್ಕೆ ಇಷ್ಟ ಕೂತು ಹೀರುವುದು. ದಾಸವಾಳದಂಥ ಹೂವಿನ ಹತ್ತಿರ ನಿಂತು ನೋಡಿ. ಕೆಲವು ಸಲ ಅದು ಹೂವಿನ ಬಾಯಿಗೇ ಹೋಗುವುದಿಲ್ಲ. ತೊಟ್ಟನ್ನು ಕಾಲಲ್ಲಿ ಹಿಡಿದು, ಕತ್ತು ಚಾಚಿ, ಹೂವಿನ ಬುಡಕ್ಕೆ ಕೊಕ್ಕು ಚುಚ್ಚಿ ಪಕ್ಕದಿಂದಲೇ ಮಕರಂದ ಎಳೆದುಕೊಳ್ಳುತ್ತದೆ.

ನಾವು ಸಾಮಾನ್ಯವಾಗಿ ಕಾಣುವುದು ಎರಡು ಜಾತಿ. ಒಂದು ಪರ್ಪಲ್ ಸನ್‌ಬರ್ಡ್, ಗಂಡು ಪೂರ್ತಿ ಕಪ್ಪುನೀಲಿ. ಇನ್ನೊಂದು ಪರ್ಪಲ್ ರಂಪ್ಡ್ ಸನ್‌ಬರ್ಡ್, ಗಂಡಿನ ಬೆನ್ನು ಕಡುಗೆಂಪು, ನೆತ್ತಿ ಹೊಳೆಯುವ ಹಸಿರು, ಹೊಟ್ಟೆ ಹಳದಿ. ಗಂಡುಗಳಲ್ಲಿ ತಕರಾರಿಲ್ಲ. ಹೆಣ್ಣುಗಳು ಮಾತ್ರ ಎರಡರಲ್ಲೂ ಮಾಸಲು ಬೆನ್ನು, ಹಳದಿ ಹೊಟ್ಟೆ. ಅವುಗಳ ಗಂಟಲು ನೋಡಬೇಕು. ಗಂಟಲಿನಿಂದಲೇ ಹಳದಿ ಶುರುವಾಗಿದ್ದರೆ ಮೊದಲನೆಯ ಜಾತಿ. ಗಂಟಲು ಬೂದುಬಿಳಿಯಾಗಿದ್ದು ಹಳದಿ ಎದೆಯಿಂದ ಕೆಳಗೆ ಬಂದಿದ್ದರೆ ಎರಡನೆಯದು.

ಇದರ ಮೇಲೆ ಇನ್ನೊಂದು ತೊಡಕಿದೆ. ಸಂತಾನದ ಕಾಲ ಮುಗಿದ ಮೇಲೆ ಗಂಡು ಪರ್ಪಲ್ ಸನ್‌ಬರ್ಡ್ ತನ್ನ ಕಪ್ಪುನೀಲಿ ಗರಿಗಳನ್ನು ಉದುರಿಸಿ ಹೆಣ್ಣಿನ ಹಾಗೆ ಹಳದಿಯಾಗುತ್ತದೆ. ಗಂಟಲಿನಿಂದ ಹೊಟ್ಟೆಯವರೆಗೆ ನಡುವೆ ಒಂದು ಕಪ್ಪು ಪಟ್ಟೆ ಮಾತ್ರ ಉಳಿಯುತ್ತದೆ. ಮತ್ತೆ ಬಣ್ಣ ತುಂಬಿಕೊಳ್ಳುವಾಗ ಮೈಯೆಲ್ಲ ತೇಪೆ ತೇಪೆ. ಈ ಅವಸ್ಥೆಯಲ್ಲಿ ಕಂಡವರು ಹೊಸ ಹಕ್ಕಿ ಸಿಕ್ಕಿತೆಂದು ಹಿಗ್ಗುವುದು ಸಹಜ. ಆದರೆ ಕೊಕ್ಕು ಬದಲಾಗಿಲ್ಲ, ಹೂವಿನಿಂದ ಹೂವಿಗೆ ಓಡುವ ಚಾಳಿಯೂ ಬದಲಾಗಿಲ್ಲ.

ಸೂರಕ್ಕಿಯ ಹೆಣ್ಣಿನೊಂದಿಗೆ ಬೆರೆತುಹೋಗುವ ಇನ್ನೊಂದು ಹಕ್ಕಿ ಬದನಿಕೆ ಹಕ್ಕಿ. ಕೊಕ್ಕಿನ ತುದಿಯಿಂದ ಬಾಲದ ತುದಿವರೆಗೆ ಸುಮಾರು 8 ಸೆಂಟಿಮೀಟರ್. ಗುಬ್ಬಿ ಸುಮಾರು 15 ಸೆಂಟಿಮೀಟರ್ ಇರುತ್ತದೆ ಎಂದರೆ ಅಂದಾಜು ಸಿಗಬಹುದು. ಮೈ ಮಾಸಲು ಬೂದು, ಕೊಕ್ಕು ಗಿಡ್ಡ, ಬಣ್ಣ ತಿಳಿ. ಮರಗಳ ಮೇಲೆ ಬೆಳೆಯುವ ಬದನಿಕೆಯ ಹಣ್ಣು ಇದಕ್ಕೆ ಪ್ರಾಣ. ಅಂಟಂಟಾದ ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ, ಅಲ್ಲಿ ಹೊಸ ಬದನಿಕೆ ಹುಟ್ಟುತ್ತದೆ. ಮರದ ತುದಿಯಲ್ಲಿ ಬಿಡದೆ ಚಿಕ್ ಚಿಕ್ ಎನ್ನುತ್ತಿದ್ದು ಕಣ್ಣಿಗೆ ಬೀಳದಿರುವುದು ಬಹುಶಃ ಇದೇ.

ಅಪರಿಚಿತ ಹಕ್ಕಿ ಎಂದು ನಾವು ಅಂದುಕೊಂಡದ್ದರಲ್ಲಿ ಎಷ್ಟೋ ನಮ್ಮ ಪರಿಚಯದ ಹಕ್ಕಿಗಳ ಮರಿಗಳೇ. ಕೆಮ್ಮೀಸೆ ಪಿಕಳಾರದ ಮರಿಗೆ ಕೆನ್ನೆಯ ಕೆಂಪು ಇನ್ನೂ ಬಂದಿರುವುದಿಲ್ಲ. ಚುಕ್ಕೆ ರಾಟವಾಳದ ಮರಿಗೆ ಎದೆಯ ಚುಕ್ಕೆಯೇ ಇಲ್ಲ, ಬರೀ ಕಂದು. ಗಿಡ್ಡ ಬಾಲ, ಬಾಯಿಯ ಮೂಲೆಯಲ್ಲಿ ಹಳದಿ ಅಂಚು, ರೆಕ್ಕೆ ನಡುಗಿಸುತ್ತ ಉಣಿಸು ಬೇಡುವುದು, ಇವು ಮರಿಯ ಗುರುತು. ಐದು ನಿಮಿಷ ಅಲ್ಲೇ ಇದ್ದರೆ ಉಣಿಸಲು ಬರುವ ತಂದೆಯೋ ತಾಯಿಯೋ ಜಾತಿ ಹೇಳಿಬಿಡುತ್ತಾರೆ. ನೆಲದ ಮೇಲಿದೆ ಎಂದು ಅನಾಥವೆಂದುಕೊಂಡು ಅದನ್ನು ಎತ್ತಿಕೊಂಡು ಹೋಗಬೇಡಿ.

ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಪಾಠ ಸ್ವಲ್ಪ ಕಠಿಣವಾಗುತ್ತದೆ, ಯಾಕೆಂದರೆ ವಲಸೆಯ ಉಲಿಯಕ್ಕಿಗಳು ಬಂದಿರುತ್ತವೆ. ಎಲ್ಲವೂ ಮಂಕು ಹಸಿರು ಇಲ್ಲವೇ ಮಂಕು ಕಂದು. ಇಲ್ಲಿ ಬಣ್ಣ ನೋಡಿ ಗೆಲ್ಲುವುದು ಅನುಭವಿಗಳಿಗೂ ಕಷ್ಟ. ಕಿವಿ ಕೊಡಿ. ಮರದ ಮೇಲಿನ ಎಲೆಗಳಲ್ಲಿ ಓಡಾಡುತ್ತ "ಚಿ-ಸ್ವೀ" ಎಂದು ಎರಡಕ್ಷರದಲ್ಲಿ ಕೂಗುವುದು ಗ್ರೀನಿಷ್ ವಾರ್ಬ್ಲರ್. ಕೆಳಗಿನ ಪೊದೆಯಲ್ಲಿ ಅವಿತು "ಚಕ್, ಚಕ್" ಎನ್ನುವ ಕಂದು ಹಕ್ಕಿ ಬ್ಲೈತ್ಸ್ ರೀಡ್ ವಾರ್ಬ್ಲರ್, ಪೂರ್ವ ಯುರೋಪು, ಮಧ್ಯ ಏಷ್ಯಾಗಳ ಕಡೆಯಿಂದ ಚಳಿಗಾಲ ಕಳೆಯಲು ಬಂದದ್ದು. ಅಷ್ಟು ದೂರದಿಂದ ಬಂದ ಹಕ್ಕಿಯೊಂದು ನಮ್ಮ ಬೇಲಿಯ ಗಿಡದಲ್ಲಿ ಕೂತಿದೆ ಎಂದು ತಿಳಿದಾಗ ಆಗುವ ಸಂತೋಷಕ್ಕಾಗಿಯೇ ಈ ಕಷ್ಟ ಪಡಬಹುದು.

ದನಿ ಗುರುತಿಸಲು ಈಗ ಮೊಬೈಲ್ ಆ್ಯಪ್‌ಗಳಿವೆ. ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಆ್ಯಪ್ ಉಚಿತ, ಕೇಳಿದ ದನಿಗೆ ಹೆಸರು ಸೂಚಿಸುತ್ತದೆ. ಅದನ್ನು ಸೂಚನೆಯೆಂದೇ ತೆಗೆದುಕೊಂಡು ಹಕ್ಕಿಯನ್ನು ಕಣ್ಣಾರೆ ಕಂಡ ಮೇಲೆ ಹೆಸರು ಬರೆದುಕೊಳ್ಳಿ. ಅದರಲ್ಲಿರುವ ಕೂಗನ್ನು ಜೋರಾಗಿ ಹಾಕಿ ಹಕ್ಕಿಯನ್ನು ಹತ್ತಿರ ಕರೆಯುವ ಅಭ್ಯಾಸ ಮಾತ್ರ ಬೇಡ. ತನ್ನ ಜಾಗಕ್ಕೆ ಎದುರಾಳಿ ಬಂದಿದೆ ಎಂದು ಅದು ಗಾಬರಿಯಾಗುತ್ತದೆ, ಗೂಡು ಕಟ್ಟುವ ಕಾಲದಲ್ಲಂತೂ ಇದು ದೊಡ್ಡ ಹಿಂಸೆ.

ದುರ್ಬೀನು ಇದ್ದರೆ ಒಳ್ಳೆಯದು. 8×42 ಎಂದು ಬರೆದಿದ್ದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಎಂದರ್ಥ. ಹಕ್ಕಿಯ ಮೇಲಿನ ದೃಷ್ಟಿ ತೆಗೆಯದೆ ದುರ್ಬೀನನ್ನು ಕಣ್ಣಿಗೆ ತಂದುಕೊಳ್ಳಿ, ಬಗ್ಗಿ ಅದನ್ನು ಹುಡುಕಿ ಮತ್ತೆ ತಲೆ ಎತ್ತುವಷ್ಟರಲ್ಲಿ ಹಕ್ಕಿ ತಪ್ಪಿಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಚೀಟಿ. ಪುಸ್ತಕ ತೆರೆಯುವ ಮೊದಲು ಕಂಡದ್ದನ್ನು ಬರೆಯಬೇಕು. ಚಿತ್ರ ನೋಡಿದ ಮೇಲೆ ಮನಸ್ಸು ತಾನು ಕಾಣದ ಗುರುತನ್ನೂ ಕಂಡೆನೆಂದು ಸೇರಿಸಿಕೊಳ್ಳುತ್ತದೆ. ಒಳ್ಳೆಯ ಚೀಟಿ ಹೀಗಿರುತ್ತದೆ: "ಗುಬ್ಬಿಗಿಂತ ಚಿಕ್ಕದು. ಕೊಕ್ಕು ನೇರ, ಸಣ್ಣ. ಬಾಲ ಮೇಲಕ್ಕೆ. ಬೆನ್ನು ಬೂದಿ, ಹೊಟ್ಟೆ ತುಕ್ಕುಗೆಂಪು, ಕಣ್ಣು ಕೆಂಪು. ಹಾರುವಾಗ ಚಿಟಿಚಿಟಿ ಸದ್ದು." ಇಷ್ಟಿದ್ದರೆ ಬೂದು ಉಲಿಯಕ್ಕಿ ಎಂದು ಧೈರ್ಯವಾಗಿ ಹೇಳಬಹುದು. ಬೆನ್ನು ಹಸಿರು, ನೆತ್ತಿ ಕಂದುಗೆಂಪು ಎಂದಿದ್ದರೆ ಅದು ಟುವ್ವಿಹಕ್ಕಿಯಾಗುತ್ತಿತ್ತು.

ಕೆಲವು ಸಲ ಬಾಲ ಕಂಡರೆ ಕೊಕ್ಕು ಕಾಣುವುದಿಲ್ಲ, ಕೊಕ್ಕು ಕಂಡರೆ ಹಕ್ಕಿ ನಿಲ್ಲುವುದಿಲ್ಲ. ಆಗ "ಉಲಿಯಕ್ಕಿ, ಜಾತಿ ತಿಳಿಯಲಿಲ್ಲ" ಎಂದು ಬರೆದು ತಾರೀಖು ಹಾಕಿ ಇಟ್ಟುಕೊಳ್ಳಿ, ಅಪರೂಪದ ಹೆಸರೊಂದನ್ನು ಅಂಟಿಸಲು ಹೋಗಬೇಡಿ. ಹೂವಿನಲ್ಲಿ ಮಕರಂದ ಮತ್ತೆ ಊರುತ್ತದೆ, ಹಾಗಾಗಿ ಸೂರಕ್ಕಿ ಅದೇ ಗಿಡಕ್ಕೆ ಮತ್ತೆ ಬಂದೇ ಬರುತ್ತದೆ. ಚಳಿಗಾಲದ ಉಲಿಯಕ್ಕಿ ಕೂಡ ಒಂದೇ ಪೊದೆಯನ್ನು ವಾರಗಟ್ಟಲೆ ಬಿಟ್ಟು ಹೋಗದಿರಬಹುದು. ಮರುದಿನ ಅದೇ ಹೊತ್ತಿಗೆ, ಗಿಡದಿಂದ ಒಂದಿಷ್ಟು ದೂರದಲ್ಲಿ, ಅಲುಗಾಡದೆ ಕೂತು ನೋಡಿ.

ನಮಸ್ಕಾರ.