ತವರಲ್ಲೇ ಸೋತ ಅಲ್ ಗೋರ್

ಕೇಳುಗರೇ, ಅಮೆರಿಕದ 2000ನೇ ಇಸವಿಯ ಅಧ್ಯಕ್ಷ ಚುನಾವಣೆ ಎಂದ ಕೂಡಲೇ ಫ್ಲೋರಿಡಾ ನೆನಪಾಗುತ್ತದೆ, ಅಲ್ವಾ? ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಅಲ್ಲಿ ಗೆದ್ದದ್ದು ಬರೀ 537 ಮತಗಳಿಂದ. ಮರು ಎಣಿಕೆಯ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆದರೆ ನನ್ನನ್ನು ಕೇಳಿದರೆ, ಅವರ ಎದುರಾಳಿ, ಡೆಮಾಕ್ರಟಿಕ್ ಪಕ್ಷದ ಆಗಿನ ಉಪಾಧ್ಯಕ್ಷ ಅಲ್ ಗೋರ್ ಸೋತದ್ದು ಟೆನೆಸ್ಸಿಯಲ್ಲಿ. ಅದು ಗೋರ್ ಅವರ ಸ್ವಂತ ರಾಜ್ಯ.

ಲೆಕ್ಕ ನೋಡಿ. ಅಮೆರಿಕದಲ್ಲಿ ಇಡೀ ದೇಶದ ಮತ ಕೂಡಿಸಿ ಅಧ್ಯಕ್ಷರನ್ನು ಆರಿಸುವುದಿಲ್ಲ. ಸಂಸತ್ತಿನ ಎರಡೂ ಸದನ ಸೇರಿ ಒಂದು ರಾಜ್ಯಕ್ಕೆ ಎಷ್ಟು ಸ್ಥಾನವಿದೆಯೋ ಅಷ್ಟು ಎಲೆಕ್ಟೋರಲ್ ಮತಗಳು ಅದಕ್ಕೆ. ರಾಜಧಾನಿ ವಾಷಿಂಗ್ಟನ್‌ಗೆ ಬೇರೆ 3. ಒಟ್ಟು 538, ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಎಲ್ಲ ಕಡೆಯೂ ಒಂದೇ ಒಂದು ಮತ ಜಾಸ್ತಿ ಬಂದವರಿಗೇ ಆ ರಾಜ್ಯದ ಪಾಲೆಲ್ಲ. ಸೋತವರಿಗೆ ಸೊನ್ನೆ.

ಬುಷ್‌ಗೆ 271 ಬಂತು. ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನಮತ ಮುಂದಿದ್ದ ಗೋರ್ 270 ಮುಟ್ಟಲಿಲ್ಲ. ಟೆನೆಸ್ಸಿಯ 11 ಮತ ಅವರಿಗೆ ಸಿಕ್ಕಿದ್ದರೆ ಫ್ಲೋರಿಡಾದಲ್ಲಿ ಏನಾದರೂ ಆಗಲಿ, ಅಧ್ಯಕ್ಷರಾಗುತ್ತಿದ್ದರು.

ಅವರೇನು ಅಲ್ಲಿ ಹೊಸಬರೇ? ತಂದೆ ಆ ರಾಜ್ಯದ ಸೆನೆಟರ್ ಆಗಿದ್ದವರು, ಮಗನೂ ಆಗಿದ್ದರು. 1992 ಮತ್ತು 1996ರಲ್ಲಿ ಬಿಲ್ ಕ್ಲಿಂಟನ್ ಜೊತೆ ನಿಂತು ಟೆನೆಸ್ಸಿ ಗೆದ್ದಿದ್ದರು. 2000ದ ಪ್ರಚಾರದ ಕಚೇರಿಯನ್ನೂ ಟೆನೆಸ್ಸಿಯ ರಾಜಧಾನಿ ನ್ಯಾಶ್‌ವಿಲ್‌ಗೇ ತಂದಿದ್ದರು. ಆದರೂ ಸುಮಾರು 80 ಸಾವಿರ ಮತಗಳಿಂದ ಸೋತರು.

ಊರು ಬದಲಾಗಿತ್ತು, ಅವರೂ ಬದಲಾಗಿದ್ದರು. ದಕ್ಷಿಣದ ಹಳ್ಳಿಗಾಡಿನ ಬಿಳಿಯರು ವರ್ಷಗಳಿಂದ ರಿಪಬ್ಲಿಕನ್ನರ ಕಡೆ ವಾಲುತ್ತಿದ್ದರು. 1994ರಲ್ಲೇ ಟೆನೆಸ್ಸಿಯ ಎರಡೂ ಸೆನೆಟ್ ಸ್ಥಾನ ಆ ಪಕ್ಷಕ್ಕೆ ಹೋಗಿದ್ದವು. ಇತ್ತ ಗೋರ್, 1999ರಲ್ಲಿ ಬಂದೂಕು ಮೇಳಗಳಲ್ಲಿನ ಮಾರಾಟಕ್ಕೆ ಕಡಿವಾಣ ಹಾಕುವ ತಿದ್ದುಪಡಿಯ ಮೇಲೆ ಸೆನೆಟ್‌ನಲ್ಲಿ ಸಮಬಲ ಬಂದಾಗ, ಉಪಾಧ್ಯಕ್ಷರಾಗಿ ತಮ್ಮ ಮತ ಹಾಕಿ ಅದನ್ನು ಗೆಲ್ಲಿಸಿದರು. ಬೇಟೆಯಾಡುವವರ ನಾಡಿನಲ್ಲಿ ಇದನ್ನು ಮರೆಯುವವರು ಯಾರು? ಬಂದೂಕು ಹಕ್ಕುಗಳ ಪರ ಹೋರಾಡುವ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಂತೂ ಮರೆಯಲು ಬಿಡಲಿಲ್ಲ.

ಕಲ್ಲಿದ್ದಲ ಗಣಿಗಳ ವೆಸ್ಟ್ ವರ್ಜೀನಿಯಾದ ಕಥೆಯೂ ಇಂಥದ್ದೇ. ದಶಕಗಳ ಡೆಮಾಕ್ರಟಿಕ್ ಕೋಟೆ. ಅಲ್ಲಿನ 5 ಮತವಷ್ಟೇ ಉಳಿದಿದ್ದರೂ ಗೋರ್‌ಗೆ ಸಾಕಾಗುತ್ತಿತ್ತು. ಅಂದಿನಿಂದ 2024ರವರೆಗೂ ಈ ಎರಡು ರಾಜ್ಯಗಳು ಯಾವ ಡೆಮಾಕ್ರಟ್ ಅಭ್ಯರ್ಥಿಗೂ ಒಲಿದಿಲ್ಲ. ಈಗ ಆ ಪಕ್ಷದವರು ಅಲ್ಲಿ ಸುಮ್ನೆ ದುಡ್ಡು ಸುರಿಯುವುದೂ ಇಲ್ಲ. ಅವರ ವಿಮಾನ ಇಳಿಯುವುದು ಯಾವ ಕಡೆಗೂ ವಾಲಬಹುದಾದ ಪೆನ್ಸಿಲ್ವೇನಿಯಾ, ಮಿಶಿಗನ್, ವಿಸ್ಕಾನ್ಸಿನ್‌ಗಳಲ್ಲಿ.